ಕುಲಾವಿ, ಕಾರ್ಡು, ಕೌದಿ: ಅರ್ಧಕ್ಕೆ ಬಿಡದ ಹಾಗೆ ಮನೇಲೇ ಮಾಡೋದು ಹೇಗೆ

ನಮ್ಮನೆ ಬೀರು ಮೇಲೆ ಒಂದು ಹಳೇ ಸೂಟ್‌ಕೇಸ್ ಇದೆ, ಅದ್ರೊಳಗೆ ಏನಿದೆ ಅಂತ ಯಾರಾದ್ರೂ ಕೇಳಿದ್ರೆ ನಂಗೆ ನಾಚಿಕೆ ಆಗತ್ತೆ. ಮುಂಭಾಗ ಮಾತ್ರ ಮುಗಿದಿರೋ ಒಂದು ಸ್ವೆಟರ್ರು (ಯಾವ ಮಗುಗೆ ಅಂತ ಶುರು ಮಾಡಿದ್ನೋ ಅವ್ನು ಈಗ ಸೆಕೆಂಡ್ ಪಿಯುಸಿ), ಒಂದೂವರೆ ಹಿಡಿಕೆ ಇರೋ ಗಿಳಿಹಸಿರು ವೈರ್ ಬುಟ್ಟಿ, ಅರ್ಧ ಗೋಪುರ ಹೊಲಿದು ಸೂಜಿ ಸಮೇತ ಮಡಿಸಿಟ್ಟ ಕಸೂತಿ ಬಟ್ಟೆ, ಏಳು ಬಣ್ಣದ ಉಲನ್ ಉಂಡೆಗಳು ಒಂದಕ್ಕೊಂದು ಸಿಕ್ಕಾಕಿಕೊಂಡು ಹಕ್ಕಿ ಗೂಡಿನ ಥರ. ಇಷ್ಟೆಲ್ಲ ಶುರು ಮಾಡಿ ಬಿಟ್ಟಿದೀನಿ, ಆದ್ರಿಂದ ಈ ವಿಷ್ಯದಲ್ಲಿ ಬುದ್ಧಿ ಹೇಳೋಕೆ ನಂಗೆ ಹಕ್ಕಿದೆ ಅಂದ್ಕೊಂಡಿದೀನಿ. ಕ್ರಾಫ್ಟ್ ಶುರು ಮಾಡೋದು ಹೇಗೆ ಅಂತ ಹೇಳೋರು ಬೇಕಾದಷ್ಟು ಜನ ಇದಾರೆ, ನಾನು ಮುಗಿಯೋ ಅಂಥದ್ದು ಯಾವ್ದು ಅಂತ ಹೇಳ್ತೀನಿ. ನಾಲ್ಕೈದು ಸಂಜೇಲಿ ಮುಗಿಯೋ ಒಂದು ಹೆಣಿಗೆ, ಒಂದೇ ಸಂಜೇಲಿ ಆಗೋ ಕಾರ್ಡು, ಒಂದು ಭಾನುವಾರದ ಹೊಲಿಗೆ, ಇಷ್ಟೇ.

ಮೊದ್ಲು ಅಂಗಡಿಗೆ ಹೋಗ್ಬೇಡಿ

ಹುಮ್ಮಸ್ಸು ಬಂದ ತಕ್ಷಣ ಎಲ್ರೂ ಮಾಡೋ ಕೆಲ್ಸ ಅಂದ್ರೆ ಆನ್‌ಲೈನಲ್ಲಿ ನೂರೆಂಟು ಪೀಸಿನ ಕಿಟ್ ಆರ್ಡರ್ ಮಾಡೋದು. ನಾನೂ ಮಾಡಿದ್ದೆ, ಹನ್ನೆರಡು ಕ್ರೋಶಾ ಕಡ್ಡಿ (ತುದೀಲಿ ಕೊಕ್ಕೆ ಇರೋದು) ಬಂತು, ಅದ್ರಲ್ಲಿ ಇವತ್ತಿನವರೆಗೂ ಉಪಯೋಗಿಸಿರೋದು ಎರಡು, ಉಳಿದದ್ದನ್ನ ನನ್ನ ಮಗಳು ಜಡೆಗೆ ಸಿಕ್ಕಿಸ್ಕೊಂಡು ಓಡಾಡ್ತಾಳೆ. ಹೆಣಿಗೆಗೆ ನಿಮಗೆ ಬೇಕಾಗಿರೋದು ಒಂದು ಜೊತೆ ಕಡ್ಡಿ, ಒಂದು ಉಂಡೆ ಉಲನ್, ದೊಡ್ಡ ಕಣ್ಣಿನ ಒಂದು ಸೂಜಿ, ಕತ್ತರಿ, ಟೇಪು. ಕಾರ್ಡಿಗೆ ದಪ್ಪ ಬಿಳಿ ಹಾಳೆ ಒಂದು ಬಿಟ್ರೆ ಬೇಕಾಗಿರೋದು ಎಲ್ಲ ಮನೇಲೇ ಇರತ್ತೆ, ಅದನ್ನ ಮುಂದೆ ಹೇಳ್ತೀನಿ. ಕೌದಿಗಂತೂ ಹಳೇ ಸೀರೆ.

ಉಲನ್ ಬಗ್ಗೆ ಒಂದ್ಮಾತು. ನಮ್ಮಲ್ಲಿ ಅಂಗಡೀಲಿ "ಉಲನ್" ಅಂತ ಕೊಡೋದ್ರಲ್ಲಿ ಜಾಸ್ತಿ ಅಕ್ರಿಲಿಕ್ಕೇ, ಕುರಿಗೂ ಅದಕ್ಕೂ ಸಂಬಂಧ ಇಲ್ಲ. ಅದೇನು ಕೆಟ್ಟದ್ದಲ್ಲ, ತೊಳೆಯೋಕೆ ಸುಲಭ, ರೇಟೂ ಕಮ್ಮಿ, ಕಲಿಯೋರಿಗೆ ಅದೇ ಸರಿ. ಯಾವ್ದು ಅಂತ ಅನುಮಾನ ಬಂದ್ರೆ ಎರಡಿಂಚು ದಾರ ಇಕ್ಕಳದಲ್ಲಿ ಹಿಡ್ಕೊಂಡು ಸಿಂಕ್ ಮೇಲೆ ಸುಟ್ಟು ನೋಡಿ. ನಿಜವಾದ ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿ ಆಗತ್ತೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿ ಥರ ಆಗತ್ತೆ, ಬಿಸಿ ಇರುವಾಗ ಮುಟ್ಟಬೇಡಿ. ಬಣ್ಣ ಮಾತ್ರ ತಿಳಿಯಾಗಿರ್ಲಿ, ಹಳದಿ, ತಿಳಿ ನೀಲಿ, ಕ್ರೀಮು ಹೀಗೆ. ಕಪ್ಪು, ನೇವಿ ಬ್ಲೂ ತಗೊಂಡ್ರೆ ಟ್ಯೂಬ್‌ಲೈಟ್ ಕೆಳಗೆ ಒಂದು ಕುಣಿಕೇನೂ ಕಾಣಲ್ಲ. ಮೈಮೇಲೆ ರೋಮ ರೋಮ ಇರೋ ಫ್ಯಾನ್ಸಿ ದಾರವೂ ಬೇಡ, ತಪ್ಪಾದ್ರೆ ಬಿಚ್ಚೋಕೆ ಬರಲ್ಲ.

ಉಂಡೆ ಮೇಲಿನ ಕಾಗದ ಬಿಸಾಕ್ಬೇಡಿ. ಅದ್ರಲ್ಲಿ ಶೇಡ್ ನಂಬರ್ ಒಂದು, ಲಾಟ್ ನಂಬರ್ ಒಂದು ಇರತ್ತೆ, ಶೇಡ್ ಒಂದೇ ಆದ್ರೂ ಲಾಟ್ ಬೇರೆ ಆದ್ರೆ ಬಣ್ಣ ಕೂದಲೆಳೆ ಅಷ್ಟು ಬೇರೆ ಇರತ್ತೆ, ಅಂಗಡಿ ಲೈಟಲ್ಲಿ ಗೊತ್ತಾಗಲ್ಲ, ಬಿಸಿಲಿಗೆ ಬಂದಾಗ ಗೊತ್ತಾಗತ್ತೆ. ನಮ್ಮತ್ತೆಗೆ ಹಾಕಿದ ಕಾರ್ಡಿಗನ್ನಿಗೆ ಒಂದು ತೋಳಿಗೆ ದಾರ ಸಾಲದೆ ಎರಡು ತಿಂಗಳಾದ್ಮೇಲೆ ಹೋಗಿ ಇನ್ನೊಂದು ಉಂಡೆ ತಂದೆ. ಅವರು ಏನೂ ಹೇಳ್ಲಿಲ್ಲ ಪಾಪ, ಆದ್ರೆ ಫೋಟೋದಲ್ಲೆಲ್ಲ ಆ ಕಡೆ ಕೈಯನ್ನ ಸೆರಗಲ್ಲಿ ಮುಚ್ಕೊಂಡಿರ್ತಾರೆ.

ಕಡ್ಡಿ ನಂಬರಿನ ಗೋಜಲು

ಇದನ್ನ ಯಾರೂ ಮೊದಲೇ ಹೇಳಲ್ಲ, ಎಲ್ರೂ ಬಿದ್ದು ಕಲಿಯೋ ಹಳ್ಳ ಇದು. ನಮ್ಮ ಅಂಗಡಿಗಳಲ್ಲಿ ಕಡ್ಡಿ ಬರೋದು ಹಳೇ ಬ್ರಿಟಿಷ್ ನಂಬರಲ್ಲಿ, ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. 10 ನಂಬರ್ ಅಂದ್ರೆ 3.25 ಮಿಲಿಮೀಟರ್, 8 ನಂಬರ್ ಅಂದ್ರೆ 4, 6 ನಂಬರ್ ಅಂದ್ರೆ 5. ಅಮೆರಿಕದೋರದ್ದು ಉಲ್ಟಾ, ನಂಬರ್ ಜಾಸ್ತಿ ಆದಷ್ಟೂ ದಪ್ಪ, ಅವರ 6 ನಂಬರ್ 4 ಮಿಲಿಮೀಟರ್, ಅವರ 8 ನಂಬರ್ 5 ಮಿಲಿಮೀಟರ್. ಈಗ ಯೂಟ್ಯೂಬಲ್ಲಿ ಯಾವುದೋ ಅಮೆರಿಕದ ಅಜ್ಜಿ "ಸೈಜ್ ಎಯ್ಟ್" ಅಂತಾರೆ, ನೀವು ಚಿಕ್ಕಪೇಟೆಗೆ ಹೋಗಿ 8 ನಂಬರ್ ಕೊಡಿ ಅಂತೀರಿ, ದೊಡ್ಡೋರ ಟೋಪಿ ಹಾಕೋಕೆ ಹೋಗಿ ಮಗು ಟೋಪಿ ಆಗತ್ತೆ. ಆದ್ರಿಂದ ನಂಬರ್ ಕೇಳೋದೇ ಬಿಡಿ, ಮಿಲಿಮೀಟರ್ ಕೇಳಿ, ಕಡ್ಡಿ ಮೇಲೋ ಪ್ಯಾಕೆಟ್ ಮೇಲೋ ಅದು ಇದ್ದೇ ಇರತ್ತೆ.

ಕ್ರೋಶಾದಲ್ಲೂ ಇದೇ ಕಥೆ, ಬ್ರಿಟಿಷರ "ಡಬಲ್ ಕ್ರೋಶೆ" ಅನ್ನೋದು ಅಮೆರಿಕದೋರಿಗೆ "ಸಿಂಗಲ್ ಕ್ರೋಶೆ". ಪ್ಯಾಟರ್ನಲ್ಲಿ (ಹೆಣೆಯೋ ಕ್ರಮ ಬರೆದಿರೋ ಹಾಳೇಲಿ) ಎಲ್ಲಾದ್ರೂ "ಸಿಂಗಲ್ ಕ್ರೋಶೆ" ಅನ್ನೋ ಪದ ಕಂಡ್ರೆ ಅದು ಅಮೆರಿಕದ್ದು ಅಂತ ತಿಳ್ಕೊಳ್ಳಿ, ಈಗಿನ ಬ್ರಿಟಿಷ್ ಲೆಕ್ಕದಲ್ಲಿ ಆ ಹೆಸರಿನ ಹೊಲಿಗೇನೇ ಇಲ್ಲ. ಪ್ಯಾಟರ್ನ್ ಬೇಕು ಅಂದ್ರೆ ರಾವೆಲ್ರಿ ಅಂತ 2007ರಲ್ಲಿ ಶುರುವಾದ ಸೈಟ್ ಇದೆ, ಫ್ರೀ ಇರೋದನ್ನ ಮಾತ್ರ ತೋರ್ಸು ಅಂತ ಆಯ್ಕೆ ಮಾಡ್ಕೊಬಹುದು. ಆದ್ರೆ ಅಲ್ಲಿಗೆ ಒಂದ್ಸಲ ಹೋದ್ರೆ ರಾತ್ರಿ ಹನ್ನೆರಡಾಗತ್ತೆ, ಒಂದು ಸಾಲೂ ಹೆಣೆದಿರಲ್ಲ.

ಮೊದಲನೇ ಕೆಲ್ಸ: ಕುಲಾವಿ

ಎಲ್ರೂ ಮೊದಲು ಮಫ್ಲರ್ ಹಾಕಿ ಅಂತಾರೆ. ನಾನು ಬೇಡ ಅಂತೀನಿ. ಒಂದೂವರೆ ಮೀಟರ್ ಮಫ್ಲರ್ ಅಂದ್ರೆ ಅದೇ ಸಾಲು ಅದೇ ಸಾಲು, ಅರ್ಧಕ್ಕೆ ಬೇಜಾರು ಬಂದು ಸೂಟ್‌ಕೇಸ್ ಸೇರತ್ತೆ, ಮೇಲಾಗಿ ಬೆಂಗಳೂರು ಮೈಸೂರಲ್ಲಿ ವರ್ಷಕ್ಕೆ ಹತ್ತು ದಿನ ಹಾಕ್ಕೊಂಡ್ರೆ ಹೆಚ್ಚು. ಕುಲಾವಿ ಹಾಕಿ. ನೆಂಟರಲ್ಲಿ ಯಾರಾದ್ರೂ ಒಬ್ರು ಬಸುರಿ ಇದ್ದೇ ಇರ್ತಾರೆ, ಸೀಮಂತಕ್ಕೋ ನಾಮಕರಣಕ್ಕೋ ಕೈಯಲ್ಲಿ ಹಾಕಿದ ಕುಲಾವಿ ಕೊಟ್ರೆ ಅದಕ್ಕಿಂತ ಮರ್ಯಾದೆ ಇಲ್ಲ, ತಾರೀಖು ನಿಗದಿ ಇರೋದ್ರಿಂದ ಮುಗಿಸ್ಲೇಬೇಕು ಅನ್ನೋ ಭಯವೂ ಇರತ್ತೆ.

ನಾನು ಕಲಿತದ್ದು ಸಕಲೇಶಪುರದಲ್ಲಿ ದೊಡ್ಡಮ್ಮನ ಹತ್ರ, ಮಳೆಗಾಲದಲ್ಲಿ, ಕರೆಂಟ್ ಇಲ್ದೇ. ಅವರು ಕಣ್ಣು ಮುಚ್ಕೊಂಡು ಹೆಣೀತಿದ್ರು, ನಾನು "ದೊಡ್ಡಮ್ಮ ಸ್ವಲ್ಪ ನಿಧಾನ ಮಾಡಿ, ಕಾಣ್ತಿಲ್ಲ" ಅಂದ್ರೆ, "ಕಾಣೋದು ಏನಿದೆಯೇ ಇದ್ರಲ್ಲಿ, ತೂರು, ಸುತ್ತು, ಎಳಿ, ಬಿಡು, ನಾಲ್ಕೇ ಮಾತು" ಅಂತಿದ್ರು. ನಿಜವಾಗ್ಲೂ ಅಷ್ಟೇ. ಎಡಗೈ ಕಡ್ಡಿಯ ಮೊದಲನೇ ಕುಣಿಕೆಯೊಳಗೆ ಬಲಗೈ ಕಡ್ಡೀನ ಮುಂದಿಂದ ಹಿಂದಕ್ಕೆ ತೂರೋದು, ಆ ಕಡ್ಡಿ ತುದಿಗೆ ದಾರ ಒಂದು ಸುತ್ತು ಹಾಕೋದು, ಆ ಸುತ್ತನ್ನ ಕುಣಿಕೆ ಒಳಗಿಂದ ನಮ್ಮ ಕಡೆಗೆ ಎಳೆಯೋದು, ಹಳೇ ಕುಣಿಕೇನ ಎಡಗಡ್ಡಿಯಿಂದ ಜಾರಿಸಿ ಬಿಡೋದು. ಇದು ಸೀದಾ ಹೊಲಿಗೆ. ಎಲ್ಲ ಸಾಲೂ ಬರೀ ಸೀದಾ ಹಾಕ್ತಾ ಹೋದ್ರೆ ಎರಡೂ ಕಡೆ ಒಂದೇ ಥರ ಏಣು ಏಣಾಗಿ ಬರತ್ತೆ, ಅಂಚು ಸುರುಳಿ ಸುತ್ತಲ್ಲ. ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹಾಕಿದ್ರೆ ಅಂಗಡಿ ಸ್ವೆಟರ್ ಥರ ನುಣ್ಣಗೆ ಬರತ್ತೆ ನಿಜ, ಆದ್ರೆ ಕಡ್ಡಿಯಿಂದ ತೆಗೆದ ತಕ್ಷಣ ಹಪ್ಪಳ ಮುದುರಿದ ಹಾಗೆ ಮುದುರತ್ತೆ, ಹೊಸಬರು ಅದು ತಮ್ಮ ತಪ್ಪು ಅಂದ್ಕೊಂಡು ಬಿಟ್ಟೇಬಿಡ್ತಾರೆ. ಅದು ಆ ಹೊಲಿಗೆ ಗುಣ, ನಿಮ್ಮ ತಪ್ಪಲ್ಲ.

ಸರಿ, ಈಗ ಕುಲಾವಿ. 4 ಮಿಲಿಮೀಟರ್ ಕಡ್ಡಿ, ಮಧ್ಯಮ ದಪ್ಪದ ಮೆತ್ತನೆ ಬೇಬಿ ಉಲನ್ 50 ಗ್ರಾಮಿನ ಒಂದು ಉಂಡೆ, ಮಿಗತ್ತೆ ಕೂಡ.

ಮೊದ್ಲು ಅಳತೆ ತುಂಡು. ಇದನ್ನ ಬಿಟ್ರೆ ಆಮೇಲೆ ನನ್ನನ್ನ ಬೈಬೇಡಿ. 24 ಕುಣಿಕೆ ಹಾಕಿ, ಅಂಗೈಯಗಲ ಹೆಣೆದು, ಮೇಜಿನ ಮೇಲೆ ಎಳೆಯದೆ ಇಟ್ಟು, ಮಧ್ಯದಲ್ಲಿ 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಬರತ್ತೆ ಅಂತ ಎಣಿಸಿ. 20 ಬಂತು ಅಂದ್ಕೊಳ್ಳಿ. ಕೂಸಿನ ಕುಲಾವಿಗೆ ಒಂದು ಕೆನ್ನೆಯಿಂದ ತಲೆ ಮೇಲೆ ಹಾದು ಇನ್ನೊಂದು ಕೆನ್ನೆವರೆಗೆ 28 ಸೆಂಟಿಮೀಟರ್ ಬೇಕು, ಅಂದ್ರೆ 56 ಕುಣಿಕೆ. ನಿಮ್ಮ ಕೈ ಬಿಗಿ ಇದ್ದು 23 ಬಂತು ಅಂದ್ರೆ ಅದೇ 56 ಕುಣಿಕೆ 24 ಸೆಂಟಿಮೀಟರೇ ಆಗೋದು, ಕೂಸಿನ ಬದಲು ಗೊಂಬೆಗೆ ಹಾಕ್ಬೇಕು. ಆವಾಗ 64 ಹಾಕ್ಕೊಳ್ಳಿ. ಗುಣಾಕಾರ ಅಷ್ಟೇ, ಆದ್ರೆ ಇದೊಂದು ಗೊತ್ತಿದ್ರೆ ಯಾವ ಪ್ಯಾಟರ್ನಿನ ಹಂಗೂ ಬೇಡ.

ದಾರದ ತುದಿಯಿಂದ ಒಂದು ಮೀಟರ್ ಬಿಟ್ಟು ಜೀರುಗುಣಿಕೆ ಹಾಕಿ, ಅಲ್ಲಿಂದ ಹೆಬ್ಬೆರಳು ತೋರುಬೆರಳಿಗೆ ದಾರ ಕವಣೆ ಥರ ಸಿಕ್ಕಿಸ್ಕೊಂಡು 56 ಕುಣಿಕೆ ಕಡ್ಡಿಗೆ ಏರಿಸಿ. (ಈ ಏರಿಸೋದನ್ನ ಮಾತ್ರ ವಿಡಿಯೋ ನೋಡಿ ಕಲೀರಿ, ಬರೆದು ಹೇಳೋಕೆ ಬ್ರಹ್ಮನಿಗೂ ಆಗಲ್ಲ.) ಬಿಡೋ ತುದಿ ಎಷ್ಟುದ್ದ ಅಂದ್ರೆ ಹೆಣೆಯೋ ಅಗಲದ ಮೂರರಷ್ಟು, ಮೇಲೊಂದು ಗೇಣು. ಕಮ್ಮಿ ಬಿಟ್ರೆ 50ನೇ ಕುಣಿಕೇಲಿ ದಾರ ಮುಗಿದು ಮತ್ತೆ ಒಂದರಿಂದ ಶುರು.

ಈಗ 13 ಸೆಂಟಿಮೀಟರ್ ಆಗೋವರೆಗೂ ಬರೀ ಸೀದಾ ಸಾಲು, ಸುಮಾರು 52 ಸಾಲು ಆಗತ್ತೆ. ಹೊಸಬರಿಗೆ ಒಂದು ಸಾಲಿಗೆ ಐದಾರು ನಿಮಿಷ ಹಿಡಿಯತ್ತೆ, ದಿನಾ ಸಂಜೆ ಒಂದೊಂದು ಗಂಟೆ ಅಂತ ಇಟ್ಕೊಂಡ್ರೂ ಐದು ಸಂಜೆ. ಮುಗಿಸುವಾಗ ಎರಡು ಕುಣಿಕೆ ಹೆಣೆದು ಮೊದಲನೇದನ್ನ ಎರಡನೇದ್ರ ಮೇಲಿಂದ ದಾಟಿಸಿ ಬಿಡೋದು, ಮತ್ತೊಂದು ಹೆಣೆದು ಮತ್ತೆ ದಾಟಿಸೋದು, ಸಾಲು ಮುಗಿಯೋವರೆಗೂ. ಇದನ್ನ ಸಡಿಲವಾಗಿ ಮಾಡಿ, ಕೈ ಬಿಗಿ ಇರೋರು ಈ ಒಂದು ಸಾಲಿಗೆ ದಪ್ಪ ಕಡ್ಡಿ ತಗೊಳ್ಳಿ, ಯಾಕಂದ್ರೆ ಈ ಅಂಚೇ ಮುಖದ ಕಡೆ ಬರೋದು, ಬಿಗಿಯಾದ್ರೆ ಕೂಸಿನ ಹಣೆ ಮೇಲೆ ಗೆರೆ ಬೀಳತ್ತೆ.

ಈಗ ಕೈಯಲ್ಲಿ 28ಕ್ಕೆ 13ರ ಒಂದು ಆಯತ ಇದೆ. 28 ಇರೋ ಕಡೆ 14 ಆಗೋ ಹಾಗೆ ಅರ್ಧಕ್ಕೆ ಮಡಿಸಿ, ಶುರು ಮಾಡಿದ ಅಂಚನ್ನ ಅದಕ್ಕದೇ ಸೇರಿಸಿ ಹೊಲಿದುಬಿಡಿ, ಅದು ತಲೆ ಹಿಂಭಾಗ. ಮೇಲೆ ಸಣ್ಣ ಚೂಪು ಮೂಲೆ ಬರತ್ತೆ, ಮುದ್ದಾಗಿರತ್ತೆ, ಬೇಡ ಅಂದ್ರೆ ಒಳಗೆ ಮಡಿಸಿ ಎರಡು ಹೊಲಿಗೆ ಹಾಕಿ. ಕೆಳಗೆ ಕುತ್ತಿಗೆ ಅಂಚಿನ ಎರಡು ತುದಿಗೆ ಒಂದೊಂದು ಮೆತ್ತನೆ ಲಾಡಿ, ಚಿಕ್ಕದು.

ಕೂಸಿಗೆ ಕೊಡೋವಾಗ ಮರೀಬಾರದ್ದು: ಗುಂಡಿ, ಮಣಿ, ಪಾಂಪಾಂ ಏನೂ ಬೇಡ, ಕಿತ್ತು ಬಾಯಿಗೆ ಹಾಕ್ಕೊಳತ್ತೆ. ಒಳಗಡೆ ದಾರದ ತುದಿ ಉದ್ದ ಬಿಡಬೇಡಿ, ಕಾಲುಚೀಲ ಹಾಕಿದ್ರಂತೂ ಒಳಗನ್ನ ಹೊರಗೆ ಮಾಡಿ ನೋಡಿ, ಸಡಿಲ ಎಳೆ ಬೆರಳಿಗೆ ಸುತ್ತಿಕೊಂಡ್ರೆ ರಕ್ತ ಕಟ್ಟತ್ತೆ. ಮಲಗಿಸುವಾಗ ಕುಲಾವಿ, ಲಾಡಿ ಬಿಚ್ಚಿಬಿಡಿ ಅಂತ ಬಾಣಂತಿಗೆ ಬಾಯಿಬಿಟ್ಟು ಹೇಳಿ, ಅವಳ ಅತ್ತೆ ಮುಂದೇನೇ ಹೇಳಿ.

56 ಇದ್ದದ್ದು 61 ಆಯ್ತು, ಯಾಕೆ?

ಹತ್ತು ಸಾಲು ಆಗೋಷ್ಟರಲ್ಲಿ ಆಯತ ಹೋಗಿ ಬೀಸಣಿಗೆ ಆಗಿರತ್ತೆ. ಎಣಿಸಿದ್ರೆ 61. ಎಲ್ಲಿಂದ ಬಂತು ಐದು ಕುಣಿಕೆ ಅಂತ ತಲೆ ಕೆಟ್ಟೋಗತ್ತೆ. ಕಾರಣ ಹತ್ತಕ್ಕೆ ಒಂಬತ್ತು ಸಲ ಇದೇ: ಸಾಲು ಮುಗಿಸಿ ಕಡ್ಡಿ ತಿರುಗಿಸಿದಾಗ ದಾರ ಕಡ್ಡಿಯ ಕೆಳಗಿಂದ ಹಿಂದಕ್ಕೆ ಹೋಗ್ಬೇಕು, ನೀವು ಅದನ್ನ ಕಡ್ಡಿ ಮೇಲಿಂದ ಹಿಂದಕ್ಕೆ ಎಳೆದಿರ್ತೀರಿ. ಆವಾಗ ಮೊದಲನೇ ಕುಣಿಕೆ ಮೇಲಕ್ಕೆ ಎಳೆದು ನಿಂತು ಎರಡು ಕಾಲು ಬಿಟ್ಕೊಂಡು ಎರಡು ಕುಣಿಕೆ ಥರ ಕಾಣತ್ತೆ, ನೀವು ಎರಡನ್ನೂ ಹೆಣೀತೀರಿ. ಒಂದು ಇದ್ದದ್ದು ಎರಡಾಯ್ತು. ಪ್ರತಿ ಸಾಲಿನ ಶುರೂಲಿ ದಾರವನ್ನ ಒಮ್ಮೆ ಕೆಳಗೆ ಎಳೆದು ನೋಡಿ, ಒಂದೇ ಕುಣಿಕೆ ಕಾಣ್ಬೇಕು. ಮೊದಲನೇ ವಾರ ಪ್ರತಿ ಸಾಲೂ ಎಣಿಸಿ, ಟೀವಿ ನೋಡ್ತಾ ಹೆಣೆಯೋದು ಎರಡನೇ ಕುಲಾವಿಯಿಂದ.

ಕುಣಿಕೆ ಜಾರಿ ಕೆಳಗೆ ಇಳಿದ್ರೆ ಗಾಬರಿ ಆಗಿ ಎಲ್ಲ ಬಿಚ್ಚಬೇಡಿ. ಅದು ಏಣಿ ಥರ ಒಂದೊಂದೇ ಮೆಟ್ಟಿಲು ಇಳಿದಿರತ್ತೆ, ಕ್ರೋಶಾ ಕಡ್ಡಿ ತೂರಿಸಿ ಒಂದೊಂದೇ ಅಡ್ಡ ಎಳೆ ಹಿಡ್ಕೊಂಡು ಮೇಲೆ ಹತ್ತಿಸ್ಕೊಂಡು ಬನ್ನಿ. ಬರೀ ಸೀದಾ ಹೆಣಿಗೇಲಿ ಒಂದು ಮೆಟ್ಟಿಲು ಈ ಕಡೆಯಿಂದ, ಮುಂದಿನದು ತಿರುಗಿಸಿ ಆ ಕಡೆಯಿಂದ ಎತ್ತಬೇಕು, ಇಲ್ಲಾಂದ್ರೆ ಆ ಜಾಗ ಮಾತ್ರ ನುಣ್ಣಗೆ ಬೇರೆ ಕಾಣತ್ತೆ. ಭಯ ಇರೋರು ಹತ್ತು ಸಾಲಿಗೊಂದು ಸಲ ಬೇರೆ ಬಣ್ಣದ ಹೊಲಿಗೆ ದಾರವನ್ನ ಸೂಜೀಲಿ ಎಲ್ಲ ಕುಣಿಕೆ ಒಳಗೂ ಹಾಯಿಸಿ ಬಿಟ್ಟಿರಿ, ಬಿಚ್ಚೋ ಪ್ರಸಂಗ ಬಂದ್ರೆ ಅಲ್ಲಿಗೆ ಬಂದು ನಿಲ್ಲತ್ತೆ.

ತೊಳೆಯೋದು ಬೇಗ ಹೇಳ್ಬಿಡ್ತೀನಿ. ನಿಜವಾದ ಉಣ್ಣೆ ಬಿಸಿನೀರಿಗೆ ಹಾಕಿ ಉಜ್ಜಿದ್ರೆ ಕುಗ್ಗಿ ಕಂಬಳಿ ಆಗತ್ತೆ, ಉಗುರುಬೆಚ್ಚಗಿನ ನೀರಲ್ಲಿ ಅಂಟುವಾಳದ ನೊರೆಯೋ ಸ್ವಲ್ಪ ಶಾಂಪೂನೋ ಹಾಕಿ ಅದ್ದಿ ತೆಗೆದು, ಹಿಂಡದೆ, ಟವೆಲಲ್ಲಿ ಸುತ್ತಿ ಒತ್ತಿ, ಮಲಗಿಸಿ ಒಣಗಿಸಿ. ತಂತಿ ಮೇಲೆ ನೇತು ಹಾಕಿದ್ರೆ ನೀರಿನ ಭಾರಕ್ಕೆ ಮೊಣಕಾಲವರೆಗೂ ಇಳಿಯತ್ತೆ. ಅಕ್ರಿಲಿಕ್ಕಿಗೆ ಇಸ್ತ್ರಿ ಪೆಟ್ಟಿಗೆ ತೋರಿಸ್ಲೇಬೇಡಿ, ಸುಡದೇ ಇದ್ರೂ ದಾರದ ಜೀವ ಹೋಗಿ ಜೋಲು ಬೀಳತ್ತೆ, ಮತ್ತೆ ಅದು ಮೊದಲಿನ ಹಾಗೆ ಆಗಲ್ಲ.

ಲಗ್ನಪತ್ರಿಕೆಯಿಂದ ಕಾರ್ಡು

ಮನೇಲಿ ಎಷ್ಟು ಮದುವೆ ಕಾರ್ಡ್ ಬಿದ್ದಿದೆ ನೋಡಿ. ದಪ್ಪ ರಟ್ಟು, ಚಿನ್ನದ ಅಂಚು, ಮೇಲೊಂದು ಗಣಪತಿ. ಗಣಪತಿ ಇರೋದ್ರಿಂದ ಕಸಕ್ಕೆ ಹಾಕೋಕೆ ಮನಸು ಬರಲ್ಲ, ಇಟ್ಕೊಂಡು ಏನು ಮಾಡೋದು ಅಂತಲೂ ಗೊತ್ತಿಲ್ಲ, ಹಾಗೇ ಶೆಲ್ಫಲ್ಲಿ ಗುಡ್ಡೆ. ಕಾರ್ಡ್ ಮಾಡೋಕೆ ಇದಕ್ಕಿಂತ ಒಳ್ಳೆ ಮಾಲು ದುಡ್ಡು ಕೊಟ್ರೂ ಸಿಗಲ್ಲ. ಗಣಪತೀನ ಬಿಡಿಸಿ ತೆಗೆದಿಟ್ರೆ ಗೃಹಪ್ರವೇಶದ ಕಾರ್ಡಿಗೆ ಆಯ್ತು, ಅಂಚಿನ ಬಳ್ಳಿ ಬೇರೆ, ಹಿಂದಿನ ಖಾಲಿ ಜಾಗ ಬೇರೆ. ಅರಿಶಿನ ಹಚ್ಚಿದ ಮೂಲೆಗಳನ್ನ ಮಾತ್ರ ಕತ್ತರಿಸಿ ತೆಗೀರಿ, ಪಕ್ಕದ ಕಾಗದಕ್ಕೆಲ್ಲ ಬಣ್ಣ ಹತ್ತಿಸ್ತದೆ.

ಕಾರ್ಡಿನ ತಳಕ್ಕೆ ಬಿಳಿ ದಪ್ಪ ಹಾಳೆ ಬೇಕು. ಪ್ರಿಂಟರ್ ಪೇಪರ್ 70-80 ಜಿಎಸ್ಎಮ್ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಮ್ ಅನ್ನೋ ಲೆಕ್ಕ) ಇರತ್ತೆ, ಅದು ನಿಲ್ಲಲ್ಲ, 250 ಜಿಎಸ್ಎಮ್ ಕೇಳಿ ತಗೊಳ್ಳಿ. ಬೆಂಗಳೂರಲ್ಲಿ ಇದ್ರೆ ಸುಲ್ತಾನಪೇಟೆ, ಅವೆನ್ಯೂ ರೋಡ್ ಕಡೆ ಕಾಗದದ ಅಂಗಡಿಗಳೇ ಇವೆ, ಬೇರೆ ಊರಲ್ಲಿ ದೊಡ್ಡ ಸ್ಟೇಷನರಿ ಅಂಗಡೀಲಿ ಸಿಗತ್ತೆ. ಒಂದು ಎ4 ಹಾಳೇನ ಅಡ್ಡಕ್ಕೆ ಎರಡು ತುಂಡು ಮಾಡಿದ್ರೆ ಎರಡು ಕಾರ್ಡು, ಮಡಿಸಿದಾಗ ಒಂದೊಂದೂ 105ಕ್ಕೆ 148 ಮಿಲಿಮೀಟರ್.

ಮಡಿಸೋದ್ರಲ್ಲೇ ಇರೋದು ಎಲ್ಲ. ಹಾಳೆಗೆ ನಾರಿನ ದಿಕ್ಕು ಅಂತ ಒಂದಿರತ್ತೆ, ಕೈಯಲ್ಲಿ ಹಿಡಿದು ಮೆತ್ತಗೆ ಬಗ್ಗಿಸಿ ನೋಡಿ, ಒಂದು ಕಡೆ ಸಲೀಸಾಗಿ ಬಗ್ಗತ್ತೆ, ಇನ್ನೊಂದು ಕಡೆ ಹಠ ಮಾಡತ್ತೆ. ಸಲೀಸಾಗಿ ಬಗ್ಗೋ ಕಡೆಗೇ ಮಡಿಕೆ ಬರ್ಬೇಕು, ಇಲ್ಲಾಂದ್ರೆ ಮಡಿಕೆ ಮೇಲೆ ಬಿರುಕು ಬಿಡತ್ತೆ. ಆಮೇಲೆ ಸ್ಟೀಲ್ ಸ್ಕೇಲ್ ಇಟ್ಟು, ರೀಫಿಲ್ ಖಾಲಿಯಾದ ಬಾಲ್‌ಪೆನ್ನಲ್ಲಿ ಮಡಿಕೆ ಜಾಗದಲ್ಲಿ ಒಂದೇ ಸಲ ಒತ್ತಿ ಗೆರೆ ಎಳೀರಿ, ಕೆಳಗೆ ಹಳೇ ಕ್ಯಾಲೆಂಡರ್ ಇರ್ಲಿ. ಆ ಗೆರೆಯ ಉಬ್ಬು ಒಳಗೆ ಬರೋ ಹಾಗೆ ಮಡಿಸಿ, ಸ್ಪೂನಿನ ಹಿಂಭಾಗದಿಂದ ತೀಡಿ. ಅಂಗಡಿ ಕಾರ್ಡಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗಲ್ಲ.

ಮೇಲೆ ಏನು ಹಾಕೋದು? ನಂಗೆ ಇಷ್ಟ ಅರಳಿ ಎಲೆ ಜಾಲರಿ, ಅದನ್ನ ಮಾತ್ರ ಮುಂಚೇನೇ ಮಾಡಿಟ್ಕೊಂಡಿರ್ಬೇಕು. ಬಲಿತ ಅರಳಿ ಎಲೆ ಹತ್ತು ಹನ್ನೆರಡು ತಂದು ಮುಚ್ಚಳ ಇರೋ ಬಕೆಟ್ ನೀರಲ್ಲಿ ಮೂರ್ನಾಲ್ಕು ವಾರ ನೆನೆಹಾಕಿ, ವಾರಕ್ಕೊಮ್ಮೆ ನೀರು ಬದಲಿಸಿ. ಮುಚ್ಚಳ ಮುಚ್ಚಿರ್ಬೇಕು, ತೆರೆದಿಟ್ರೆ ನೀವು ಸಾಕೋದು ಸೊಳ್ಳೆ. ವಾಸನೆ ಬರತ್ತೆ, ಬಾಲ್ಕನೀಲಿಡಿ. ಎಲೆ ಕೊಳೆತು ಲೋಳೆ ಆದ್ಮೇಲೆ ತಟ್ಟೇಲಿ ಇಟ್ಟು ಹಳೇ ಟೂತ್‌ಬ್ರಷ್ಷಿಂದ ಉಜ್ಜದೆ, ಮೆತ್ತಗೆ ಕುಟ್ಟಿದ ಹಾಗೆ ಮಾಡ್ತಾ ನೀರು ಬಿಡಿ, ಹಸಿರೆಲ್ಲ ಹೋಗಿ ನರಗಳ ಬಲೆ ಉಳಿಯತ್ತೆ, ಮೊದಲ ಸಲ ಅದು ಕಂಡಾಗ ನನ್ನ ಮಗಳು ಉಸಿರು ಬಿಗಿ ಹಿಡ್ಕೊಂಡು ನಿಂತಿದ್ಲು. ಹನ್ನೆರಡ್ರಲ್ಲಿ ನಾಲ್ಕೈದು ಹರಿದೇ ಹೋಗತ್ತೆ, ಅದಕ್ಕೇ ಜಾಸ್ತಿ ಹಾಕಿ. ಅಷ್ಟು ತಾಳ್ಮೆ ಇಲ್ಲ ಅನ್ನೋರು ವಾಷಿಂಗ್ ಸೋಡಾ ಹಾಕಿ ಸ್ಟೀಲ್ ಪಾತ್ರೇಲಿ ಎಲೆ ಮೆತ್ತಗಾಗೋವರೆಗೂ ಸಣ್ಣ ಉರೀಲಿ ಕುದಿಸಬಹುದು, ಅಲ್ಯುಮಿನಿಯಮ್ ಪಾತ್ರೆ ಬೇಡ, ಸೋಡಾಕ್ಕೆ ಪಾತ್ರೇನೇ ಸವೆಯತ್ತೆ, ಕೈಗೆ ಗ್ಲೌಸ್ ಇರ್ಲಿ, ಆ ಪಾತ್ರೇನ ಮತ್ತೆ ಅಡುಗೆಗೆ ತರ್ಬೇಡಿ. ತೊಳೆದ ಜಾಲರೀನ ನ್ಯೂಸ್‌ಪೇಪರ್ ಮಧ್ಯೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ ಎರಡು ದಿನ ಬಿಡಿ.

ಅಂಟಿಸುವಾಗ ಫೆವಿಕಾಲ್ ಸುರೀಬೇಡಿ, ಅದ್ರಲ್ಲಿರೋ ನೀರಿಗೆ ಕಾಗದ ಅಲೆ ಅಲೆ ಆಗತ್ತೆ. ಒಂದು ಹನಿ ತಗೊಂಡು ಹಳೇ ವಿಸಿಟಿಂಗ್ ಕಾರ್ಡಿನ ಅಂಚಿಂದ ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ ತೆಳ್ಳಗೆ ಎಳೆದು, ಜಾಲರಿಗೆ ನಾಲ್ಕು ಕಡೆ ಮಾತ್ರ ಚುಕ್ಕೆ ಇಟ್ಟು, ಬಣ್ಣದ ರಟ್ಟಿನ ತುಂಡಿನ ಮೇಲೆ ಕೂರಿಸಿ, ರಾತ್ರಿಯೆಲ್ಲ ಪುಸ್ತಕದ ಕೆಳಗೆ.

ಇನ್ನು ಅಕ್ಷರ. ದಯವಿಟ್ಟು ಕನ್ನಡದಲ್ಲಿ ಬರೀರಿ, ಮತ್ತೆ ಬರೆಯೋ ಮುಂಚೆ ಪೆನ್ಸಿಲಲ್ಲಿ ಎರಡಲ್ಲ, ಮೂರು ಗೆರೆ ಹಾಕಿ. ಇಂಗ್ಲಿಷ್ ಕಾರ್ಡ್ ನೋಡಿ ಕಾಪಿ ಮಾಡೋರು ಕಾಗದದ ಕೆಳಗಿನ ಅಂಚಿಗೆ ಒತ್ತಿ ಬರೀತಾರೆ, "ಹುಟ್ಟುಹಬ್ಬ" ಅಂತ ಬರೆಯೋಷ್ಟರಲ್ಲಿ ಎರಡು ಒತ್ತಕ್ಷರ ಕೆಳಗೆ ಇಳಿಯೋಕೆ ಜಾಗ ಇಲ್ದೆ ಕಾರ್ಡಿಂದ ಬಿದ್ದೋಗೋ ಹಾಗೆ ಕಾಣತ್ತೆ. ಅಕ್ಷರ ಎಷ್ಟು ಎತ್ತರವೋ ಅದ್ರ ಅರ್ಧದಷ್ಟು ಜಾಗ ಕೆಳಗೆ ಒತ್ತಿಗೆ ಅಂತ ಬಿಡಿ, ಅಕ್ಷರ ದುಂಡಗೆ ಬರದೇ ಇದ್ರೂ ಸಾಲು ಚೆಂದ ಕಾಣತ್ತೆ. ಹೊಳೆಯೋ ಕಾಗದದ ಮೇಲೆ ಜೆಲ್ ಪೆನ್ ಒಣಗೋಕೆ ಟೈಮ್ ತಗೊಳತ್ತೆ, ಮೂಲೇಲಿ ಬರೆದು ಐದು ನಿಮಿಷ ಬಿಟ್ಟು ಉಜ್ಜಿ ನೋಡಿ.

ಕವರ್ ಕೂಡ ಕೊಳ್ಳಬೇಡಿ. ಮದುವೆ ಕಾರ್ಡಿನ ಕವರನ್ನೇ ಕುದಿಯೋ ನೀರಿನ ಹಬೆಗೆ ಹಿಡಿದ್ರೆ ಅಂಟು ಬಿಡತ್ತೆ, ಬಿಡಿಸಿ, ಒಳಮೈ ಹೊರಗೆ ಮಾಡಿ ಮತ್ತೆ ಅಂಟಿಸಿ. ನಮ್ಮ ತಾತ ಪೋಸ್ಟಲ್ಲಿ ಬಂದ ಎಲ್ಲ ಕವರಿಗೂ ಹೀಗೇ ಮಾಡ್ತಿದ್ರು, ಆಗ ಜಿಪುಣತನ ಅಂತ ನಗ್ತಿದ್ವಿ, ಈಗ ಅದಕ್ಕೆ ಅಪ್‌ಸೈಕ್ಲಿಂಗ್ ಅಂತ ಹೆಸರು. ಪೋಸ್ಟ್ ಮಾಡೋದಾದ್ರೆ ಅಡುಗೆಮನೆ ಡಿಜಿಟಲ್ ತಕ್ಕಡೀಲಿ ತೂಗಿ, ಸಾದಾ ಕಾಗದದ ಅಂಚೆ 20 ಗ್ರಾಮ್ ದಾಟಿದ್ರೆ ಹೆಚ್ಚಿಗೆ ಸ್ಟಾಂಪು ಬೇಕು. ಈ ಅಳತೆ ಕಾರ್ಡು ಒಂದು 8 ಗ್ರಾಮ್ ಆಸುಪಾಸು, ಕವರ್ ಸೇರಿದ್ರೂ ಒಳಗೇ ಇರತ್ತೆ, ಲಗ್ನಪತ್ರಿಕೆ ರಟ್ಟಿನ ಪದರ ಮೇಲೆ ಮೇಲೆ ಅಂಟಿಸಿದ್ರೆ ಮಾತ್ರ ದಾಟಬಹುದು.

ಭಾನುವಾರದ ಕೌದಿ ತುಂಡು

ಪೂರ್ತಿ ಕೌದಿ ಹೊಲೀತೀನಿ ಅಂತ ಹೊರಡಬೇಡಿ, ಅದು ತಿಂಗಳುಗಟ್ಟಲೆ ಕೆಲ್ಸ, ಉತ್ತರ ಕರ್ನಾಟಕದ ಕಡೆ ನಾಲ್ಕೈದು ಜನ ಹೆಂಗಸರು ಕೂತು ಮಾತಾಡ್ತಾ ಹೊಲಿಯೋ ಅಂಥದ್ದು. ಒಂದಡಿ ಚೌಕದ ತುಂಡು ಮಾಡಿ, ಕುಕ್ಕರ್ ಇಡೋ ಮ್ಯಾಟ್ ಆಗತ್ತೆ. ತಳಕ್ಕೆ ಹಳೇ ಕಾಟನ್ ಸೀರೆ ತುಂಡು, ಮಧ್ಯೆ ಹಳೇ ಟವೆಲ್, ಮೇಲೆ ಬಣ್ಣ ಬಣ್ಣದ ಚೂರು. ಎಲ್ಲವೂ ಕಾಟನ್ನೇ ಇರ್ಬೇಕು, ಪಾಲಿಯೆಸ್ಟರ್ ಸೀರೆ ಹಾಕಿದ್ರೆ ಬಿಸಿ ಕುಕ್ಕರಿಗೆ ಕರಗಿ ಅಂಟತ್ತೆ. ಹೊಸ ಬಟ್ಟೆ ಸೇರಿಸೋದಾದ್ರೆ ಮೊದ್ಲು ಒಗೀರಿ, ಇಲ್ಲಾಂದ್ರೆ ಮೊದಲ ಒಗೆತಕ್ಕೆ ಅದೊಂದೇ ಕುಗ್ಗಿ ಸುತ್ತಲಿನದ್ದು ಮುದುರತ್ತೆ.

ಹೊಲಿಯೋ ಕ್ರಮಕ್ಕೆ ನಾನು ನಕಲು ಹೊಡೆಯೋದು ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರದ್ದು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಅವರು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ಹೊಲೀತಾ, ಚೂರು ಸೇರಿಸ್ತಾ ಸೇರಿಸ್ತಾ ಸುತ್ತು ಹಾಕ್ಕೊಂಡು ನಡುವಿಗೆ ಬರ್ತಾರೆ, ಚೂರನ್ನ ಮೊದಲೇ ಅಳೆದು ಕತ್ತರಿಸಿಟ್ಕೊಳ್ಳೋ ರಗಳೆ ಇಲ್ಲ. ಚೂರಿನ ಅಂಚನ್ನ ಒಳಗೆ ಮಡಿಸಿ, ಮೂರೂ ಪದರ ಸೇರಿಸಿ ಬರೀ ಓಡು ಹೊಲಿಗೆ, ಸಾಲಿಂದ ಸಾಲಿಗೆ ಒಂದು ಬೆರಳಗಲ. ಕೊನೇಲಿ ನಾಲ್ಕು ಮೂಲೆಗೂ ಬಟ್ಟೆ ಮಡಿಸಿದ ತ್ರಿಕೋನದ ಹೂವು ಕೂರಿಸ್ತಾರೆ, ಅದಕ್ಕೆ ಫೂಲ ಅಂತಾರೆ, ಅದಿಲ್ಲದ ಕೌದಿ ಅವರ ಕಣ್ಣಿಗೆ ಬೋಳು. ನನ್ನ ಮ್ಯಾಟಿಗೂ ನಾಲ್ಕು ಫೂಲ ಹಾಕಿದೀನಿ, ಅದ್ರಲ್ಲಿ ಒಂದು ಸಾರಿನ ಪಾತ್ರೇಲಿ ಬಿದ್ದು ಹಳದಿ ಆಗಿದೆ.

ಕಸೂತಿ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ, ಬಟ್ಟೆಯ ಎಳೆ ಎಣಿಸಿ ಹಾಕೋದು, ಹಿಂಬದೀಲಿ ಗಂಟು ಇರಬಾರದು. ಮೊದಲೇ ಸೀರೆ ಮೇಲೆ ಶುರು ಮಾಡ್ಬೇಡಿ, ಎಳೆ ಕಾಣೋ ಮ್ಯಾಟಿ ಬಟ್ಟೆ ತಗೊಂಡು, ಗವಂತಿ ಒಂದನ್ನೇ ಕಲ್ತು, ಒಂದು ಸಣ್ಣ ಗೋಪುರ ಮುಗಿಸಿ. ಇದಕ್ಕಿಂತ ಜಾಸ್ತಿ ಹೇಳೋ ಯೋಗ್ಯತೆ ನಂಗಿಲ್ಲ, ಸೂಟ್‌ಕೇಸಲ್ಲಿ ಸಾಕ್ಷಿ ಇದೆ.

ಎಲ್ಲಿ, ಯಾವಾಗ, ಯಾರಿಗೆ

ಸಾಮಾನು ಕಣ್ಣಿಗೆ ಕಾಣೋ ಕಡೆ ಇರ್ಲಿ. ನಂದು ಈಗ ಒಂದು ಸ್ಟೀಲ್ ಡಬ್ಬ, ಅದ್ರಲ್ಲಿ ಒಂದು ಹೊತ್ತಿಗೆ ಒಂದೇ ಕೆಲ್ಸ, ಅದು ಮುಗಿಯದೆ ಎರಡನೇದು ಒಳಗೆ ಬರೋ ಹಾಗಿಲ್ಲ. ಡಬ್ಬಕ್ಕೆ ಮುಚ್ಚಳ ಬೇಕು, ಬೆಕ್ಕಿರೋ ಮನೇಲಿ ಇದು ಹೇಳ್ಬೇಕಾಗಿಲ್ಲ. ಮಲೆನಾಡಿನೋರು ಮಳೆಗಾಲದಲ್ಲಿ ಕಾಗದವನ್ನ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿ ಮಾಡಿ ಇಡಿ, ಬೂಷ್ಟು ಹಿಡಿದ ಕಾರ್ಡು ಒರೆಸಿದ್ರೂ ಕಲೆ ಹೋಗಲ್ಲ. ನಿಜವಾದ ಉಣ್ಣೆ ಇದ್ರೆ ಜೊತೆಗೆ ಒಣಗಿದ ಬೇವಿನೆಲೆಯೋ ನುಸಿಗುಳಿಗೆಯೋ ಹಾಕಿ, ಕೂಸಿನ ಬಟ್ಟೆ ಜೊತೆ ಮಾತ್ರ ನುಸಿಗುಳಿಗೆ ಬೇಡ.

ಅರ್ಧ ಗಂಟೆಗೊಮ್ಮೆ ಎದ್ದು ಕೈ ಕೊಡವಿ, ಹೆಬ್ಬೆರಳ ಬುಡ ನೋಯೋಕೆ ಶುರು ಆದ್ರೆ ಅವತ್ತಿಗೆ ನಿಲ್ಲಿಸಿ. ದೀಪ ಎಡಗಡೆಯಿಂದ ಬೀಳ್ಲಿ, ಎಡಗೈಯೋರಿಗೆ ಬಲಗಡೆಯಿಂದ.

ಒಂದ್ಸಲ ಕುಲಾವಿ ಹಾಕಿದ್ದು ಗೊತ್ತಾದ್ರೆ ಎದುರುಮನೆಯೋರು, ಆಫೀಸಿನೋರು, ನಾದಿನಿಯ ಗೆಳತಿ ಎಲ್ರೂ "ನಮಗೊಂದು ಹಾಕ್ಕೊಡ್ರೀ, ಹೇಗೂ ಖಾಲಿ ಕೂತಿರ್ತೀರಲ್ಲ" ಅಂತ ಬರ್ತಾರೆ. ನಾನು "ಉಲನ್ ತಂದ್ಕೊಡಿ, ಪಕ್ಕದಲ್ಲಿ ಕೂತ್ಕೊಳ್ಳಿ, ಹೇಳ್ಕೊಡ್ತೀನಿ" ಅಂತೀನಿ. ಹತ್ತು ಜನರಲ್ಲಿ ಒಂಬತ್ತು ಜನ ಮತ್ತೆ ಬರಲ್ಲ, ಬಂದ ಒಬ್ಬರು ಈಗ ನನಗಿಂತ ಚೆನ್ನಾಗಿ ಹೆಣೀತಾರೆ, ಬ್ಯಾಂಕಲ್ಲಿದ್ದು ರಿಟೈರ್ ಆದ ಕೆಳಗಿನ ಮನೆ ಅಂಕಲ್ಲು, ಅವರ 56 ಒಂದ್ಸಲವೂ 57 ಆಗಿಲ್ಲ.

ಅಂದಹಾಗೆ ಆ ವೈರ್ ಬುಟ್ಟಿಗೆ ಇನ್ನರ್ಧ ಹಿಡಿಕೆ ಅಷ್ಟೇ ಬಾಕಿ. ಅದೇ ಗಿಳಿಹಸಿರು ಈಗ ಅಂಗಡೀಲಿ ಸಿಗ್ತಿಲ್ಲ, ಯಾರ ಅಟ್ಟದ ಮೇಲಾದ್ರೂ ಹಳೇ ಕಟ್ಟಲ್ಲಿ ಐದಾರು ಮೊಳ ಮಿಕ್ಕಿದ್ರೆ ಎತ್ತಿಟ್ಟಿರಿ, ಬದಲಿಗೆ ಒಂದು ಅರಳಿ ಎಲೆ ಕಾರ್ಡು ಕೊಡ್ತೀನಿ.